ಕೊನೆಯ ಪಟ್ಟಿ ಸಮುದ್ರದ ಮೇಲೆ

ಜೂನ್ ೮

ಬೆಂಕಿಪೊಟ್ಟಣಕ್ಕೆ,

ಕೆಲಸ ಸಿಕ್ಕಿತು, ಸುಳ್ಳು ಹೇಳಿದ್ದರಿಂದ. ಇದಕ್ಕೂ ಮುಂಚೆ ಹೋದ ಕಡೆಯಲ್ಲೆಲ್ಲ ಭೂಗೋಳದಲ್ಲಿ ಎಂ.ಎ. ಎಂದು ನಿಜ ಹೇಳಿ ಬಾಗಿಲಿಂದಲೇ ವಾಪಸಾಗಿದ್ದೆ. "ಇಷ್ಟು ಓದಿದೋರು ನಮ್ಮಲ್ಲಿ ನಿಲ್ಲಲ್ಲಮ್ಮ" ಅನ್ನುತ್ತಿದ್ದರು. ಕಾಲೇಜುಗಳಲ್ಲಿ ಭೂಗೋಳ ಕಲಿಯಲು ಯಾರೂ ಸೇರುವುದಿಲ್ಲ, ಕಾರ್ಖಾನೆಗಳಲ್ಲಿ ಭೂಗೋಳ ಕಲಿತವರನ್ನು ಸೇರಿಸುವುದಿಲ್ಲ. ಹಾಗಾಗಿ ಇಲ್ಲಿ ಮೇಸ್ತ್ರಿ "ಎಲ್ಲೀವರೆಗೆ ಓದಿದ್ದೀಯ?" ಅಂದಾಗ "ಹತ್ತನೇ ಕ್ಲಾಸು" ಅಂದೆ. ಅವರು ನನ್ನ ಬೆರಳು ನೋಡಿದರು. "ಬೆರಳು ಚೆನ್ನಾಗಿದೆ, ನಾಳೆ ಬಾ" ಅಂದರು.

ಇದು ಗ್ಲೋಬ್ ಮಾಡುವ ಕಾರ್ಖಾನೆ, ನಗಬೇಡ. ಶಾಲೆಯ ಮೇಷ್ಟರ ಮೇಜಿನ ಮೇಲೆ ತಿರುಗುತ್ತದಲ್ಲ, ಅದೇ ಗ್ಲೋಬ್. ಒಂದು ಬಿಳಿ ಚೆಂಡು. ಅದರ ಮೇಲೆ ಮೇಲಿಂದ ಕೆಳಕ್ಕೆ ದೋಣಿಯಾಕಾರದ ಹನ್ನೆರಡು ಕಾಗದದ ಪಟ್ಟಿಗಳು. ಚೆಂಡು ಕೈಯಿಂದ ಕೈಗೆ ಮೇಜಿನ ಸುತ್ತ ಹೋಗುತ್ತದೆ. ಒಬ್ಬೊಬ್ಬರು ಒಂದೆರಡು ಪಟ್ಟಿ ಅಂಟಿಸುತ್ತಾರೆ. ಅಂಟಿನಲ್ಲಿ ನೆಂದ ಕಾಗದ ಹಿಗ್ಗುತ್ತದೆ. ಎಲ್ಲರೂ ಕೂದಲೆಳೆಯಷ್ಟು ಎಳೆದರೂ ಸಾಕು, ಆ ತಪ್ಪೆಲ್ಲ ಒಟ್ಟಾಗಿ ಕೊನೆಯ ಪಟ್ಟಿಯ ತಲೆಗೆ ಬರುತ್ತದೆ. ಅದಕ್ಕೇ ಕೊನೆಯ ಪಟ್ಟಿ ಯಾವಾಗಲೂ ದೊಡ್ಡ ಸಮುದ್ರದ ಮೇಲೆ. ಅಲ್ಲಿ ಒಂದರ ಮೇಲೊಂದು ಹತ್ತಿದರೂ ನೀಲಿಯ ಮೇಲೆ ನೀಲಿ, ಯಾರಿಗೂ ಕಾಣದು.

ಆ ಪಟ್ಟಿಯನ್ನು ಅಂಟಿಸುವುದು ಮೇಜಿನ ಹಿರಿಯಳು, ಎಲ್ಲರೂ ದೊಡ್ಡಕ್ಕ ಅನ್ನುವವಳು. ಹೊಸಬರಿಗೆ ಅದನ್ನು ಮುಟ್ಟುವ ಹಕ್ಕಿಲ್ಲ. ಮೇಜಿನವರೇ ಒಂದು ದಿನ "ತಗೋ, ನೀನು ಅಂಟಿಸು" ಎನ್ನಬೇಕು. ಹಾಗಂದರೆ ಮೇಸ್ತ್ರಿ ಕಣ್ಣು ಮುಚ್ಚಿ ಖಾಯಂ ಮಾಡುತ್ತಾರೆ. ಖಾಯಂ ಆದವರಿಗೆ ಹಿತ್ತಲಿನ ಸಾಲಿನಲ್ಲಿ ಕ್ವಾರ್ಟರ್ಸ್. ಎರಡು ಕೋಣೆ, ಒಂದು ಕಿಟಕಿ. ಕಿಟಕಿಯನ್ನು ಈಗಾಗಲೇ ನೋಡಿಕೊಂಡು ಬಂದಿದ್ದೇನೆ. ನಮ್ಮ ಮದುವೆ ಆ ಪಟ್ಟಿಯ ತುದಿಯಲ್ಲಿದೆ ಅಂದುಕೋ.

ನಾನು ಮೇಜಿಗೆ ಎಟುಕುವುದಿಲ್ಲ. ಕಾಲ ಕೆಳಗೆ ಹಣ್ಣಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೊಟ್ಟಿದ್ದಾರೆ. ಹೆಸರೂ ಇಟ್ಟಿದ್ದಾರೆ: ಗಿಡ್ಡಿ. ಒಳ್ಳೆಯ ಜನವೇ. ಆದರೆ ನಿನಗೆ ಮಾತ್ರ ಹೇಳುತ್ತೇನೆ, ಈ ಮೇಜಿನಲ್ಲಿ ಸಮುದ್ರ ಎಂದರೇನು ಎಂದು ಗೊತ್ತಿರುವುದು ನನಗೊಬ್ಬಳಿಗೆ. ಉಳಿದವರಿಗೆ ಅದು ನೀಲಿ ಕಾಗದ.

ನಿನ್ನವಳು


ಜೂನ್ ೧೯

ಸಂಗಾತಿ,

ನಿನ್ನ ಪತ್ರ ಓದಿ ಅಂಗೈ ಬಿಸಿಯಾಯಿತು. ಓದಿದವಳ ಓದನ್ನು ಚಪ್ಪಲಿಯ ಹಾಗೆ ಬಾಗಿಲಾಚೆ ಬಿಡಿಸಿ ಒಳಗೆ ಕರೆಯುವ ಲೋಕ ಇದು! ನಿನ್ನ ಬೆರಳು ಸಾಕು, ತಲೆ ಬೇಡ ಎಂದರು. ನೀನೂ ತಲೆಯನ್ನು ಮನೆಯಲ್ಲಿಟ್ಟು ಹೋದೆ. ಇದು ನಿನ್ನ ಸುಳ್ಳಲ್ಲ, ಅವರು ನಿನ್ನಿಂದ ಹೇಳಿಸಿದ ಸುಳ್ಳು. ಬಚ್ಚಿಟ್ಟ ವಿದ್ಯೆ ಬಚ್ಚಿಟ್ಟ ಧಾನ್ಯದ ಹಾಗೆ, ಹುಳ ಬೀಳುತ್ತದೆ. ಇದನ್ನು ಮೊನ್ನೆ ಒಂದು ಕರಪತ್ರದಲ್ಲಿ ಓದಿದೆ. ಸ್ವಲ್ಪ ನಾನೂ ಸೇರಿಸಿದ್ದೇನೆ.

ಇಲ್ಲಿ ಪ್ರೆಸ್ಸಿನಲ್ಲಿ ಎಲ್ಲ ಮೊದಲಿನಂತೆ. ನಾನು ಓದಿದ್ದೆಲ್ಲ ಅಚ್ಚಾದ ಹಾಳೆ ಮಡಿಸುತ್ತ ಓದಿದ್ದು ಎಂದು ನಿನಗೆ ಗೊತ್ತಲ್ಲ. ಕೈಯಲ್ಲಿ ಹಾಳೆ ಇರುವಷ್ಟು ಹೊತ್ತಿನಲ್ಲಿ ಎರಡು ಪುಟ ಕಾಣುತ್ತದೆ, ಉಳಿದ ಎರಡು ಪುಟ ಊಹೆ. ಪೂರ್ತಿ ಓದಿದ್ದು ನಿನ್ನ ಎಂ.ಎ. ಪ್ರಬಂಧವೊಂದನ್ನೇ. ಅದಕ್ಕೆ ರಟ್ಟು ಹಾಕಲು ಬೇಕೆಂದೇ ತಡ ಮಾಡಿದೆ, ನೀನು ಮತ್ತೆ ಬರಲಿ ಎಂದು. "ಏನ್ರೀ, ಬೈಂಡಿಂಗಾ, ಬಾಣಂತನಾನಾ?" ಅಂತ ನೀನು ಬೈದದ್ದು ಈಗಲೂ ಕಿವಿಯಲ್ಲಿದೆ.

ಆ ನೀಲಿ ಕಾಗದದ ಮಾತು ಬಹಳ ಚೆನ್ನಾಗಿದೆ. ಗೋಡೆಗೆ ಅಂಟಿಸಬೇಕಾದಂಥ ಮಾತು.

ಅಮ್ಮ ಕ್ಷೇಮ. ನಿನ್ನ ವಿಷಯ ಕೇಳುತ್ತಿರುತ್ತಾಳೆ.

ಬೆಂಕಿಪೊಟ್ಟಣ


ಜುಲೈ ೧೪

ಬೆಂಕಿಪೊಟ್ಟಣಕ್ಕೆ,

ತಡವಾಯಿತು. ದಣಿದಿದ್ದೆ ಎಂದರೆ ನಂಬುವುದಿಲ್ಲ ನೀನು. ಮೈ ದಣಿದಿಲ್ಲ. ಏನೂ ಮಾಡದೆ ಕೂತ ತಲೆ ಮೈಗಿಂತ ಹೆಚ್ಚು ದಣಿಯುತ್ತದೆ. ಮೊದಲ ವಾರ ಪ್ರತಿ ಪಟ್ಟಿ ಅಂಟಿಸುವಾಗ ಅದರ ಮೇಲಿನ ನದಿ, ಗಾಳಿ, ಮಣ್ಣು ಎಲ್ಲ ನೆನೆಸಿಕೊಳ್ಳುತ್ತಿದ್ದೆ. ಈಗ ಅದೂ ಬೇಸರವಾಗಿದೆ. ಗಡಿಯಾರ ನೋಡುತ್ತೇನೆ. ಪಕ್ಕದ ಗೊಣಗಣ್ಣನ ಕೈ ನೋಡಿ ಮನಸ್ಸಿನಲ್ಲೇ ತಪ್ಪು ಹುಡುಕುತ್ತೇನೆ. ಅವನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಫ್ಯಾನ್ ಹಾಕಿದರೆ ಕಾಗದ ಒಣಗಿತು, ಆರಿಸಿದರೆ ತಾನು ಬೆಂದೆ ಅನ್ನುವ ಮನುಷ್ಯ. ನನಗೇ ನನ್ನ ಮೇಲೆ ಅಸಹ್ಯ. ಮೇಸ್ತ್ರಿ "ಭೇಷ್" ಅಂದರೆ ಖುಷಿಯಾಗುವುದಿಲ್ಲ, ಬೈದರೆ ಮಾತ್ರ ಉರಿಯುತ್ತದೆ. ಮೊನ್ನೆ ಎರಡು ಪಟ್ಟಿಗಳನ್ನು ಅದಲುಬದಲು ಅಂಟಿಸಿ ಒಂದು ಮರುಭೂಮಿಯನ್ನು ಸಮುದ್ರಕ್ಕೆ ನೂಕಿದೆ. ಕೆಲಸ ಬರದೆ ಅಲ್ಲ, ಲಕ್ಷ್ಯವಿಲ್ಲದೆ. "ಗಿಡ್ಡಿ, ಮರಳಿಗೆ ಬಾಯಾರಿತ್ತೇನೇ?" ಅಂದಳು ದೊಡ್ಡಕ್ಕ. ಮೇಸ್ತ್ರಿ ನೋಡುವ ಮುಂಚೆ ಆ ಚೆಂಡನ್ನು ತನ್ನ ಸೆರಗಿನಲ್ಲಿ ಮುಚ್ಚಿ ಕೊಂಡೊಯ್ದು ಸುಲಿದಳು. ಅಂದಿನಿಂದ ಅವಳ ಊಟದ ಡಬ್ಬಿಯ ಮೇಲಿನ ಖಾನೆ ನನ್ನದು. ನಾನು ಕೇಳಿರಲಿಲ್ಲ.

ಇನ್ನೊಂದು ವಿಷಯ. ಕೊನೆಯ ಪಟ್ಟಿ ಮೊದಲ ಪಟ್ಟಿಯ ಅಂಚಿನ ಮೇಲೆ ಹತ್ತುತ್ತದೆ ಅಂದೆನಲ್ಲ, ಅಲ್ಲಿ ಒಂದು ಪುಟ್ಟ ದ್ವೀಪವಿದೆ. ಸಾಸಿವೆಯಷ್ಟು. ಅಲ್ಲಿ ಜನ ಇದ್ದಾರೆ, ನಾನು ಓದಿದ್ದೇನೆ. ಇಲ್ಲಿಂದ ಹೋಗುವ ಪ್ರತಿಯೊಂದು ಗ್ಲೋಬಿನಲ್ಲೂ ಆ ದ್ವೀಪ ಅಂಟಿನ ಕೆಳಗೆ ಮುಳುಗಿದೆ. ಹೇಳಿದರೆ "ಹತ್ತನೇ ಕ್ಲಾಸಿನವಳಿಗೆ ಹೇಗೆ ಗೊತ್ತು?" ಎಂಬ ಪ್ರಶ್ನೆ ಬರುತ್ತದೆ. ಸುಮ್ಮನಿದ್ದೇನೆ. ಪ್ರತಿದಿನ ಮುಳುಗಿಸುತ್ತೇವೆ, ಪ್ರತಿದಿನ ಸುಮ್ಮನಿರುತ್ತೇನೆ.

ಯಾವಾಗ ಬರುತ್ತೀ? ಒಂದು ಭಾನುವಾರ ಸಾಕು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ವಾದ ಮಾಡೋಣ.

ನಿನ್ನವಳು


ಜುಲೈ ೨೫

ಸಂಗಾತಿ,

ಇನ್ನು ನೀನು ಸುಮ್ಮನಿರಬೇಕಾಗಿಲ್ಲ!

ನಿನ್ನ ಪತ್ರ ಓದಿ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒಂದು ದ್ವೀಪ ಮುಳುಗುತ್ತಿದೆ, ಅದು ಗೊತ್ತಿರುವವಳ ಬಾಯಿಗೆ ಅಂಟು ಮೆತ್ತಲಾಗಿದೆ. ನಮ್ಮ ಕಾಲವನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು? ಕೂತು ಬರೆದೆ. ಪ್ರೆಸ್ಸಿನ ಯಜಮಾನರು ಊರಲ್ಲಿರಲಿಲ್ಲ. ಉಳಿಕೆ ಕಾಗದದಲ್ಲಿ ನಾನೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿದೆ. ತಲೆಬರಹ: "ಅಂಟು ಹಚ್ಚುವ ಎಂ.ಎ." ನಿನ್ನ ಹೆಸರು ಎಲ್ಲೂ ಇಲ್ಲ. ನಿನ್ನ ಮಾತು ಮಾತ್ರ ಇದೆ, ದಪ್ಪ ಅಕ್ಷರದಲ್ಲಿ. ಒಂದು ಕಟ್ಟನ್ನು "ಗ್ಲೋಬ್ ಕಾರ್ಖಾನೆಯ ಸಮಸ್ತ ಕಾರ್ಮಿಕ ಬಂಧುಗಳಿಗೆ" ಎಂದು ವಿಳಾಸ ಬರೆದು ನಿಮ್ಮ ಕಾರ್ಖಾನೆಗೇ ಅಂಚೆಯಲ್ಲಿ ಕಳಿಸಿದ್ದೇನೆ. ಈ ಪತ್ರಕ್ಕಿಂತ ಮುಂಚೆಯೇ ತಲುಪಬಹುದು.

ನಾಳೆ ಅವರು ಬಂದು ನಿನ್ನ ಬೆನ್ನಿಗೆ ನಿಲ್ಲುತ್ತಾರೆ. ನನಗೆ ಖಾತ್ರಿಯಿದೆ. ಕಣ್ಣು ತೆರೆದ ಜನ ಮತ್ತೆ ಮುಚ್ಚುವುದಿಲ್ಲ.

ಭಾನುವಾರಗಳಲ್ಲಿ ಇಲ್ಲಿ ಕೆಲಸ ಹೆಚ್ಚು. ಬರುತ್ತೇನೆ, ಬೇಗ.

ಬೆಂಕಿಪೊಟ್ಟಣ


ಆಗಸ್ಟ್ ೧೨

ಸಂಗಾತಿ,

ಏನಾಯಿತು? ಅಲ್ಲಿ ಗದ್ದಲವೆದ್ದು ನಿನಗೆ ಬರೆಯಲು ಪುರಸೊತ್ತಿಲ್ಲ ಎಂದುಕೊಂಡಿದ್ದೇನೆ. ಒಂದು ಸಾಲು ಸಾಕು. ಮೇಜಿನವರು ಏನಂದರು? ಮೇಸ್ತ್ರಿಯ ಮುಖ ಹೇಗಾಯಿತು?

ಬೆಂಕಿಪೊಟ್ಟಣ


ಆಗಸ್ಟ್ ೩೦

ಅಂಚೆಯವನಿಗೆ ನನ್ನ ಮೇಲೆ ಕರುಣೆ ಬಂದಿದೆ. ದೂರದಿಂದಲೇ ಕೈ ಅಲ್ಲಾಡಿಸಿ ಹೋಗುತ್ತಾನೆ. ಪತ್ರ ಬೇಡ, ಬೈದು ಒಂದು ಕಾರ್ಡು ಹಾಕು. ಬೈಯದಿದ್ದರೆ ನನಗೆ ಭಯ.


ಸೆಪ್ಟೆಂಬರ್ ೯

ಬೈಯುವುದಕ್ಕೆ ಪದ ಹುಡುಕಿದೆ. ಎಂ.ಎ. ಓದಿದರೂ ಸಿಗಲಿಲ್ಲ.

ಕಟ್ಟು ಬಂದಾಗ ಊಟದ ಹೊತ್ತು. ಗೊಣಗಣ್ಣ ಬಿಚ್ಚಿದ. ಅವನಿಗೆ ಕನ್ನಡಕ ಸಿಗಲಿಲ್ಲ. ಸದಾ ಅಕ್ಷರ ಓದುವವಳು ನಾನೇ ಅಲ್ಲವೆ, "ಗಿಡ್ಡಿ, ಇದೇನು ಓದು" ಎಂದು ನನ್ನ ಕೈಗೇ ಕೊಟ್ಟ. ನಾನೇ ಗಟ್ಟಿಯಾಗಿ ಓದಿದೆ. ದಪ್ಪ ಅಕ್ಷರದ ತನಕ. ಅಲ್ಲಿ ದನಿ ನಿಂತುಹೋಯಿತು. ಉಳಿದದ್ದನ್ನು ಇನ್ನೊಬ್ಬಳು ಇಸಿದುಕೊಂಡು ಓದಿದಳು. "ಉಳಿದವರಿಗೆ ಅದು ನೀಲಿ ಕಾಗದ." ಯಾರೂ ಕೂಗಾಡಲಿಲ್ಲ. ದೊಡ್ಡಕ್ಕ ಡಬ್ಬಿ ಮುಚ್ಚಿದಳು. "ನಮಗೆ ನೀಲಿ ಕಾಗದ ಅಂತೆ" ಅಂದಳು, ಯಾರಿಗೋ ಹೇಳುವ ಹಾಗೆ.

ಮರುದಿನ ನಾನು ಮೇಡಂ ಆಗಿದ್ದೆ. "ಮೇಡಂ, ಸ್ವಲ್ಪ ಸರೀತೀರಾ?" "ಮೇಡಂ, ಅಂಟು ತಗೊಳ್ಳಿ." ಪೆಟ್ಟಿಗೆ ಕಾಲಡಿಯಿಂದ ಮಾಯವಾಗಿ ಎಲ್ಲಿಂದಲೋ ಒಂದು ಕುರ್ಚಿ ಬಂತು. ಕುರ್ಚಿಯಲ್ಲಿ ಕೂತರೆ ನನಗೆ ಮೇಜು ಗಲ್ಲಕ್ಕೆ ಬರುತ್ತದೆ. ಬೈಗುಳವಾದರೆ ತಡೆದುಕೊಳ್ಳಬಹುದು ಕಣೋ, ಈ ಬಹುವಚನವನ್ನು ಹೇಗೆ ತಡೆಯಲಿ? ನಿನ್ನ ಬೆನ್ನಿಗೆ ನಿಲ್ಲುತ್ತಾರೆ ಅಂದಿದ್ದೆ. ನಿಂತಿದ್ದಾರೆ, ನನಗೆ ಬೆನ್ನು ಹಾಕಿ.

ಆ ಮಾತು ನನ್ನದೇ, ನೀನು ಕಲ್ಪಿಸಿದ್ದಲ್ಲ. ಅದು ನೋಯುವುದು ಅದಕ್ಕೇ. ನಿನಗೆ ಬರೆದದ್ದು ನಿನಗೊಬ್ಬನಿಗೇ ಬರೆದದ್ದಾಗಿತ್ತು.

ಕಾರ್ಖಾನೆಯ ಯಜಮಾನರಿಗೂ ಒಂದು ಪ್ರತಿ ಹೋಯಿತು. ದ್ವೀಪದ ಮೇಲೆ ಬೆರಳಿಟ್ಟು ಮೇಜಿನವರೆಲ್ಲರ ಮೇಲೆ ಹಾರಾಡಿದರು. ಆಮೇಲೆ ನನ್ನನ್ನು ಕರೆದರು. ಎತ್ತರದ ಸ್ಟೂಲೊಂದನ್ನು ಕಿಟಕಿಯ ಹತ್ತಿರ ಹಾಕಿಸುತ್ತಾರಂತೆ. ನಾನು ಅಲ್ಲಿ ಕೂತು ಸಿದ್ಧವಾದ ಗ್ಲೋಬುಗಳ ತಪ್ಪು ಹುಡುಕಬೇಕು. ಯಾರ ಪಟ್ಟಿ ಸೊಟ್ಟಗಿದೆ ಎಂದು ಗುರುತು ಹಾಕಬೇಕು, ಅವರ ಕೂಲಿ ಮುರಿಯುತ್ತಾರೆ. ಒಪ್ಪಿದರೆ ಕೂಡಲೇ ಖಾಯಂ. ಕೂಡಲೇ ಕ್ವಾರ್ಟರ್ಸ್. ಒಪ್ಪದಿದ್ದರೆ ಮೇಜಿನಲ್ಲೇ ದಿನಗೂಲಿ. "ಅಲ್ಲಿ ನೀನು ನಿಲ್ಲೋಳಲ್ಲ, ಹಾರಿ ಹೋಗ್ತೀಯ" ಅಂದರು. ಉತ್ತರಕ್ಕೆ ತಿಂಗಳ ಕೊನೆಯವರೆಗೆ ಸಮಯವಿದೆ.

ಏನು ಮಾಡಲಿ ಎಂದು ಕೇಳುತ್ತಿಲ್ಲ. ಆದರೂ ಬರೆದಿದ್ದೇನೆ.


ಸೆಪ್ಟೆಂಬರ್ ೧೫

ಸಂಗಾತಿ,

ತಪ್ಪಾಯಿತು. ಇದನ್ನು ಎಷ್ಟು ಉದ್ದ ಬರೆದರೂ ಇಷ್ಟೇ. ನಿನ್ನ ಪತ್ರವನ್ನೂ ಕರಪತ್ರದ ಹಾಗೆ ಓದಿಬಿಟ್ಟೆ, ಕಂಡದ್ದು ಎರಡು ಪುಟ, ಉಳಿದದ್ದು ಊಹೆ. ಡಬ್ಬಿಯ ಮೇಲಿನ ಖಾನೆಯ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಈಗ ಅದೊಂದೇ ಕಾಣುತ್ತಿದೆ.

ಇನ್ನು ಸ್ಟೂಲಿನ ವಿಷಯ. ಒಪ್ಪಿಕೋ.

ಇದನ್ನು ನಾನು ಬರೆಯುತ್ತಿದ್ದೇನೆಯೇ ಎಂದು ನೀನು ಕಣ್ಣುಜ್ಜಿಕೊಳ್ಳುತ್ತಿರಬಹುದು. ತಪ್ಪು ಹುಡುಕುವುದೂ ಕೆಲಸವೇ ತಾನೆ? ನೀನು ಕೂತರೆ ನ್ಯಾಯವಾಗಿ ಹುಡುಕುತ್ತೀ, ಇನ್ನೊಬ್ಬ ಕೂತರೆ ಬಡವರ ಹೊಟ್ಟೆಗೆ ಹೊಡೆಯುತ್ತಾನೆ. ಹೀಗೆ ವಾದ ಹೂಡಬಲ್ಲೆ, ಹೂಡಿದ್ದೇನೆ, ಎರಡು ಹಾಳೆ ಹರಿದು ಹಾಕಿದ್ದೇನೆ. ನಿಜ ಬೇರೆ. ನನಗೆ ಆ ಕಿಟಕಿ ಬೇಕು. ಸಂಜೆ ಕೈ ತೊಳೆದು ಒಳಗೆ ಬಂದರೆ ನೀನಿರಬೇಕು.

ಇನ್ನೂ ಒಂದು. ಅಮ್ಮ ಕ್ಷೇಮ ಎಂದು ಬರೆಯುತ್ತಿದ್ದೆ, ಅವಳು ಕೇಳುವುದೇನೆಂದು ಬರೆದಿರಲಿಲ್ಲ. "ಅಷ್ಟು ಓದಿದ ಹುಡುಗಿ ನಿನ್ನ ಹತ್ರ ನಿಲ್ತಾಳೇನೋ?" ದಿನಾ ಕೇಳುತ್ತಾಳೆ. ನಾನು ದಿನಾ ಹೊಸದೊಂದು ಕರಪತ್ರದ ಮಾತು ಹೇಳಿ ಬಾಯಿ ಮುಚ್ಚಿಸುತ್ತೇನೆ. ಭಾನುವಾರಗಳಲ್ಲಿ ಇಲ್ಲಿ ಕೆಲಸವೇನೂ ಹೆಚ್ಚಿಲ್ಲ. ಬಂದರೆ ಬೆಂಚಿನ ಮೇಲೆ ನನ್ನ ಪಕ್ಕ ನಿನ್ನನ್ನು ನೋಡಿದವರು ಏನೆಂದುಕೊಳ್ಳುತ್ತಾರೋ ಎಂದು ಬರಲಿಲ್ಲ. ನಿನ್ನ ಓದನ್ನು ನಾನು ಡಂಗುರ ಸಾರಿದ್ದು ಯಾರನ್ನು ನಂಬಿಸಲಿಕ್ಕೆ ಎಂದು ಈಗ ಯೋಚನೆ.

ಸ್ಟೂಲು ಹತ್ತು. ನಾನು ಏನೂ ಬರೆಯುವುದಿಲ್ಲ, ಏನೂ ಅಚ್ಚು ಹಾಕುವುದಿಲ್ಲ.

ಬೆಂಕಿಪೊಟ್ಟಣ, ಒದ್ದೆಯಾದದ್ದು


ಅಕ್ಟೋಬರ್ ೨

ಬೆಂಕಿಪೊಟ್ಟಣಕ್ಕೆ,

ಸ್ಟೂಲು ಬೇಡ ಎಂದೆ.

ಯಜಮಾನರು ನಕ್ಕರು. "ಓದಿರೋದಕ್ಕೆ ತಕ್ಕ ಜಾಗ ಕೊಟ್ರೂ ಬೇಡ ಅಂತೀಯಲ್ಲ, ಎಂಥಾ ಓದು ನಿಂದು?" ಅಂದರು. ನನ್ನ ಓದಿಗೆ ತಕ್ಕದ್ದು ಆ ಸ್ಟೂಲಲ್ಲ ಎಂದು ಹೇಗೆ ಹೇಳಲಿ? ಬೇರೆಯವರ ತಪ್ಪು ಎಣಿಸುವುದಕ್ಕೆ ನಾನು ಗಾಳಿ, ನದಿ ಓದಿದ್ದಲ್ಲ. ಮೇಜಿನಲ್ಲಿ ಕೂತಾಗಲೂ ಅದನ್ನೇ ಮಾಡುತ್ತಿದ್ದೆ, ಮನಸ್ಸಿನೊಳಗೆ, ಕೂಲಿಯಿಲ್ಲದೆ. ಸ್ಟೂಲು ಹತ್ತಿದರೆ ಅದೇ ಉದ್ಯೋಗವಾಗುತ್ತದೆ. ನೀನೇ ಮಡಿಸಿದ ಯಾವುದೋ ಕರಪತ್ರದಲ್ಲಿ ಇದೂ ಇರಬೇಕು, ಕಾಣದ ಪುಟದಲ್ಲಿ.

ನಮ್ಮ ಕಿಟಕಿಯನ್ನು ನಾನೇ ದೂರ ನೂಕಿದ್ದೇನೆ. ಎಷ್ಟು ದೂರ ಎಂದು ಗೊತ್ತಿಲ್ಲ. ಮೇಜಿನವರು ಇನ್ನೂ ಮೇಡಂ ಅನ್ನುತ್ತಾರೆ. ಈ ಜನ್ಮದಲ್ಲಿ ನನ್ನ ಕೈಗೆ ಕೊನೆಯ ಪಟ್ಟಿ ಕೊಡುತ್ತಾರೆಂದು ಅನ್ನಿಸುವುದಿಲ್ಲ. ಬೇಕಾದರೆ ಬೈ. ನಿನಗೆ ಹಕ್ಕಿದೆ.

ಅಮ್ಮನ ಮಾತಿಗೆ ಉತ್ತರ. ಅಮ್ಮನಿಗೂ ಯಜಮಾನರಿಗೂ ನಿನಗೂ ಒಂದೇ ಭಯ: ಇವಳು ಹಾರಿ ಹೋಗುತ್ತಾಳೆ. ನನ್ನನ್ನು ಕೇಳಿದವರು ಮಾತ್ರ ಯಾರೂ ಇಲ್ಲ. ನನ್ನ ಪ್ರಬಂಧವನ್ನು ಪರೀಕ್ಷೆ ಮಾಡಿದ ಪ್ರೊಫೆಸರರು ಅದನ್ನು ಪೂರ್ತಿ ಓದಲಿಲ್ಲ. ಪೂರ್ತಿ ಓದಿದವನು ನೀನು, ಅಂಟಿನ ಕೈಯಲ್ಲಿ. ನಾಲ್ಕನೆಯ ಅಧ್ಯಾಯದಲ್ಲಿ ನಿನ್ನ ಹೆಬ್ಬೆರಳ ಗುರುತಿದೆ. ನನಗೆ ನೀನು ಕೈಗೆ ಸಿಕ್ಕ ಸಣ್ಣ ಕೆಲಸವಲ್ಲ ಕಣೋ, ದೊಡ್ಡದು ಸಿಕ್ಕಾಗ ಬಿಟ್ಟು ಹೋಗಲಿಕ್ಕೆ.

ಆದರೆ ಬೆಂಚು ಖಾಲಿ ಇದೆ. ಪ್ರತಿ ಭಾನುವಾರ ಹೋಗಿ ನೋಡಿ ಬರುತ್ತೇನೆ.

ನಿನ್ನವಳು


ಅಕ್ಟೋಬರ್ ೨೦

ಸಂಗಾತಿ,

ಬೈಯಬೇಕೆಂದು ಕೂತೆ. ನಿನ್ನ ಪತ್ರದ ನಾಲ್ಕೂ ಪುಟ ಓದಿದೆ. ಬೈಯಲಾಗಲಿಲ್ಲ. ಕಿಟಕಿ ಹೋದದ್ದಕ್ಕೆ ಅತ್ತೆ. ನೀನು ಸ್ಟೂಲು ಹತ್ತದೇ ಇದ್ದುದಕ್ಕೆ ಎದೆಯುಬ್ಬಿತು. ಎರಡೂ ಒಂದೇ ಮಧ್ಯಾಹ್ನ, ಮಡಿಸುವ ಹಾಳೆಯ ಮೇಲೆಯೇ. ಪ್ರೆಸ್ಸಿನ ಯಜಮಾನರು "ಏನಯ್ಯಾ, ನಿನ್ನ ಕಣ್ಣೀರಿಗೂ ಎರಡು ಬಣ್ಣದ ಅಚ್ಚಾ?" ಅಂದರು.

ಇದರ ಜೊತೆ ಇನ್ನೊಂದು ಚೀಟಿ ಇದೆ. ದೊಡ್ಡಕ್ಕನಿಗೆ. ಅಚ್ಚಿನದಲ್ಲ, ಕೈಯಲ್ಲಿ ಬರೆದದ್ದು, ಒಂದೇ ಪ್ರತಿ. "ಅವಳ ಮಾತನ್ನು ಕದ್ದು ಬೀದಿಗೆ ಹಾಕಿದವನು ನಾನು. ಅವಳು ನಿಮ್ಮ ಡಬ್ಬಿಯ ಬಗ್ಗೆಯೂ ಬರೆದಿದ್ದಳು, ಅದನ್ನು ನಾನು ಅಚ್ಚು ಹಾಕಲಿಲ್ಲ." ಇಷ್ಟೇ ಇದೆ. ಕೊಡಬೇಕೆನಿಸಿದರೆ ಕೊಡು.

ಅಲ್ಲಿ ಪಟ್ಟಿಗಳನ್ನು ಅಚ್ಚು ಹಾಕುವ ಪ್ರೆಸ್ಸು ಇರಬೇಕಲ್ಲ. ಮಡಿಸುವವರು ಬೇಕೇ ಎಂದು ವಿಚಾರಿಸು. ಕತ್ತರಿಸುವವರಾದರೂ ಸರಿ. ಕ್ವಾರ್ಟರ್ಸ್ ಇಲ್ಲದಿದ್ದರೆ ಕಿಟಕಿಯಿಲ್ಲದ ಕೋಣೆಯಾದರೂ ಸಿಗುತ್ತದೆ. ಅಮ್ಮನಿಗೆ ಹೇಳಿದೆ: "ನಿಲ್ತಾಳೋ ಇಲ್ಲವೋ ಅಂತ ನೋಡೋಕೆ ನಾನೇ ಹೋಗ್ತೀನಿ." "ಈಗ ಬುದ್ಧಿ ಬಂತಾ, ಕತ್ತೆ" ಅಂದಳು.

ನಿನ್ನವನು


ನವೆಂಬರ್ ೧೧

ಬೆಂಕಿಪೊಟ್ಟಣಕ್ಕೆ,

ಚೀಟಿ ಕೊಟ್ಟೆ. ದೊಡ್ಡಕ್ಕ ಓದಿಸಿಕೊಂಡು ಮಡಿಚಿ ಕುಪ್ಪಸದೊಳಗಿಟ್ಟುಕೊಂಡಳು. ಆಮೇಲೂ ಎಷ್ಟೋ ದಿನ ಮೇಡಂ ಎಂದೇ ಕರೆದಳು. ನಿನ್ನೆ ಊಟದ ನಂತರ ಒಂದು ಹೊಸ ಚೆಂಡು ಮೇಜಿಗೆ ಬಂತು. ಅದು ಕೈಯಿಂದ ಕೈಗೆ ಬಹಳ ನಿಧಾನ ಬರುತ್ತಿತ್ತು. ಗೊಣಗಣ್ಣ ಗೊಣಗಲಿಲ್ಲ. ನಾನು ಹೆಚ್ಚು ಯೋಚಿಸದೆ ನನ್ನ ಪಟ್ಟಿ ಅಂಟಿಸಿ ಮುಂದೆ ಸರಿಸಿದೆ. ಚೆಂಡು ಸುತ್ತು ಹೊಡೆದು ಮತ್ತೆ ನನ್ನ ಮುಂದೆಯೇ ಬಂದು ನಿಂತಿತು. ದೊಡ್ಡಕ್ಕ ಕೊನೆಯ ಪಟ್ಟಿಯನ್ನು ಅಂಟಿನಿಂದ ಎತ್ತಿ ನನ್ನ ಕಡೆ ಹಿಡಿದಳು.

"ತಗೊಳ್ಳಿ ಮೇಡಂ. ನಿಮ್ಮ ದ್ವೀಪ, ನೀವೇ ಅಂಟಿಸಿ."

ನಡುವಿನ ಗೆರೆಗೆ ಗೆರೆ ಕೂಡಿಸಿ ಹೆಬ್ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ತೀಡಿದೆ. ಹತ್ತಿತು. ಆದರೆ ಅಂಚಿಗೆ ಅಂಚು ಸೇರಲಿಲ್ಲ. ಪಟ್ಟಿ ಸಾಲಲಿಲ್ಲ! ಸಮುದ್ರದ ನಡುವೆ ಮೇಲಿಂದ ಕೆಳಕ್ಕೆ ಬಿಳಿಯ ಒಂದು ಗೆರೆ ಬಾಯಿ ಬಿಟ್ಟುಕೊಂಡಿತು. ನಾನು ಅಳುವುದೊಂದೇ ಬಾಕಿ.

ಆಮೇಲೆ ತಿಳಿಯಿತು. ನನ್ನ ದ್ವೀಪ ಮುಚ್ಚಬಾರದೆಂದು ಒಬ್ಬರಿಗೊಬ್ಬರು ಹೇಳದೆ ಎಲ್ಲರೂ ಅಂದು ಪಟ್ಟಿಯನ್ನು ಚೂರೂ ಎಳೆದಿರಲಿಲ್ಲ. ಕಾಗದವನ್ನು ಕತ್ತರಿಸುವಾಗಲೇ ಹಿಗ್ಗುವ ಲೆಕ್ಕ ಹಿಡಿದಿರುತ್ತಾರೆ. ಯಾರೂ ಹಿಗ್ಗಿಸದೆ ಸಮುದ್ರವೇ ಕಡಿಮೆ ಬಿತ್ತು. "ನಾನೊಬ್ಬನೇ ಜೋಪಾನ ಮಾಡಿದ್ದು ಅಂದ್ಕೊಂಡೆ" ಅಂದ ಗೊಣಗಣ್ಣ. "ನಾನೂ" ಅಂದಳು ಇನ್ನೊಬ್ಬಳು. ದೊಡ್ಡಕ್ಕನಿಗೆ ನಗು ತಡೆಯಲಿಲ್ಲ. ಕಣ್ಣೊರೆಸಿಕೊಳ್ಳುತ್ತ "ಅಯ್ಯೋ ಗಿಡ್ಡಿ, ಸಮುದ್ರಾನೇ ಸೀಳಿಬಿಟ್ಯಲ್ಲೇ!" ಅಂದಳು. ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು ಏನಂದೆ ಎಂದು. ನನ್ನ ಕಾಲಿಗೆ ಏನೋ ತಗುಲಿತು. ಬಗ್ಗಿ ನೋಡಿದರೆ ಹಣ್ಣಿನ ಪೆಟ್ಟಿಗೆ. ಯಾರು ಒದ್ದು ಸರಿಸಿದರೋ ಗೊತ್ತಿಲ್ಲ.

ಖಾಯಂ ಆಗಿಲ್ಲ. ಸೀಳಿದ ಸಮುದ್ರಕ್ಕೆ ಮೇಸ್ತ್ರಿ ಕಣ್ಣು ಮುಚ್ಚುವುದಿಲ್ಲ. "ಇನ್ನೊಂದ್ಸಲ ಕೊಡ್ತೀವಿ, ಎಲ್ಲಿ ಹೋಗ್ತೀಯ?" ಅಂದಳು ದೊಡ್ಡಕ್ಕ. ಎಲ್ಲಿಗೂ ಹೋಗುವುದಿಲ್ಲ. ಹೋದರೆ ಹೇಳಿ ಹೋಗುತ್ತೇನೆ ಎಂದೆ. ಪಾಠ ಮಾಡುವ ಆಸೆ ಸತ್ತಿಲ್ಲ, ಅದನ್ನೂ ಅವಳಿಗೆ ಹೇಳಿದೆ. ಇನ್ನು ಬಚ್ಚಿಡುವುದಿಲ್ಲ. ಊಟದ ಹೊತ್ತಿಗೆ ಎಲ್ಲರಿಗೂ ಆ ದ್ವೀಪದ ಕಥೆ ಬೇಕಂತೆ.

ಕೆಟ್ಟ ಗ್ಲೋಬನ್ನು ನನಗೇ ಕೊಟ್ಟರು. ಈಗ ನನ್ನ ಕೋಣೆಯ ಹಾಸಿಗೆಯ ಪಕ್ಕ ಇದೆ. ಬಿಳಿ ಗೆರೆಯ ದಡದಲ್ಲಿ ಸಾಸಿವೆಯಷ್ಟು ದ್ವೀಪ, ಮುಚ್ಚಿಲ್ಲ. ನಿನ್ನ ಊರು ಹುಡುಕಿದೆ, ಇಲ್ಲ. ನನ್ನದೂ ಇಲ್ಲ. ಇರಬೇಕಾದ ಜಾಗದ ಮೇಲೆ ಹೆಬ್ಬೆರಳಿಟ್ಟೆ. ನಿನ್ನ ಪ್ರೆಸ್ಸು, ಅಮ್ಮ, ಬಸ್ ನಿಲ್ದಾಣ, ಬೆಂಚು, ನೀನು, ನಾನು ಎಲ್ಲ ಅದರ ಕೆಳಗೇ ಅಡಗಿಹೋದವು. ಇಷ್ಟು ಹತ್ತಿರವಿದ್ದೇವೆ.

ಬೆರಳು ತೆಗೆದರೆ ಮತ್ತೆ ದೂರ.

ಪ್ರೆಸ್ಸಿನಲ್ಲಿ ಕತ್ತರಿಸುವವರು ಬೇಕಂತೆ. ಭಾನುವಾರದ ಬಸ್ಸಿಗೆ ಬಾ. ನಾನು ಬೆಂಚಿನ ಮೇಲೆ ಕೂತಿರುತ್ತೇನೆ, ಕಾಲು ನೆಲಕ್ಕೆ ಎಟುಕದೆ.

ಗಿಡ್ಡಿ